ಜೇನು ಪೆಟ್ಟಿಗೆಗೆ ಯಜಮಾನ ಯಾರು?

ನಮ್ಮ ಹಳೆಯ ಹಟ್ಟಿಯ ಮಣ್ಣಿನ ಗೋಡೆಯಲ್ಲಿ ಒಂದು ತೂತು ಉಂಟು. ಹೆಬ್ಬೆರಳು ಹೋಗುವಷ್ಟು ದೊಡ್ಡದು. ಅದರೊಳಗೆ ತುಡುವೆ ಜೇನಿನ ಒಂದು ಕುಟುಂಬ ಯಾವ ವರ್ಷ ಬಂದು ಸೇರಿತು ಅಂತ ಅಪ್ಪನಿಗೂ ಸರಿಯಾಗಿ ನೆನಪಿರಲಿಲ್ಲ. 1991ರಲ್ಲಿ ನನ್ನ ತೋಟದಲ್ಲಿ 25 ಜೇನು ಪೆಟ್ಟಿಗೆ ಇತ್ತು. 1992 ಮುಗಿಯುವಾಗ ಪೆಟ್ಟಿಗೆಯಲ್ಲಿ ಉಳಿದದ್ದು ಸೊನ್ನೆ, ಗೋಡೆಯಲ್ಲಿ ಒಂದು. ಇವತ್ತು ನನ್ನಲ್ಲಿರುವ 14 ಪೆಟ್ಟಿಗೆಯೂ ಆ ಗೋಡೆಯ ಸಂತಾನವೇ.

"ಜೇನು ನೊಣಗಳ ಒಗ್ಗಟ್ಟು ನೋಡಿ ಕಲಿಯಬೇಕು" ಅಂತ ಭಾಷಣದಲ್ಲಿ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಒಗ್ಗಟ್ಟು ಹೌದು. ಆದರೆ ಅದು ನಡೆಯುವುದು ಹೇಗೆ, ಯಾರು ಹೇಳಿ ಯಾರು ಮಾಡುವುದು, ಎಲ್ಲಿ ಕೆಡುತ್ತದೆ ಎಂಬುದನ್ನು ಸಾಕುವವ ತಿಳಿದಿರಬೇಕು. ನಾನು ಅದನ್ನು ತಿಳಿಯದೆ ಪೆಟ್ಟಿಗೆಗೆ ಯಜಮಾನನಾಗಲಿಕ್ಕೆ ಹೋದೆ. ಅದರ ಫಲ ಏನಾಯ್ತು ಅಂತ ಮುಂದೆ ಹೇಳುತ್ತೇನೆ. ಮೊದಲು ಪೆಟ್ಟಿಗೆಯ ಒಳಗಿನ ಸಂಗತಿ.

ಪ್ರಾಯಕ್ಕೆ ತಕ್ಕ ಕೆಲಸ

ಒಂದು ಒಳ್ಳೆಯ ತುಡುವೆ ಕುಟುಂಬದಲ್ಲಿ ಹತ್ತು-ಇಪ್ಪತ್ತು ಸಾವಿರ ನೊಣ ಇರುತ್ತವೆ. ರಾಣಿ ಒಂದೇ. ಪಾಲು ಹೋಗುವ ಕಾಲದಲ್ಲಿ ಕೆಲವು ನೂರು ಗಂಡು ನೊಣ. ಉಳಿದವೆಲ್ಲ ಕೆಲಸಗಾರ ನೊಣಗಳು, ಅವೆಲ್ಲ ಹೆಣ್ಣು. ಮೊಟ್ಟೆ ಇಟ್ಟ ದಿನದಿಂದ ಲೆಕ್ಕ ಹಾಕಿದರೆ ಸುಮಾರು 19-20 ದಿನಕ್ಕೆ ಕೆಲಸಗಾರ ನೊಣ ಕೋಶ ಕೊರೆದು ಹೊರಗೆ ಬರುತ್ತದೆ.

ಬಂದ ಕೂಡಲೇ ಅದು ಹಾರಿ ಹೂವಿಗೆ ಹೋಗುವುದಿಲ್ಲ. ಮೊದಲ ಕೆಲವು ದಿನ ತಾನು ಹುಟ್ಟಿದಂಥ ಕೋಶಗಳನ್ನು ನೆಕ್ಕಿ ಚೊಕ್ಕ ಮಾಡುವ ಕೆಲಸ. ಅನಂತರ ತಲೆಯ ಗ್ರಂಥಿಯಲ್ಲಿ ಹಾಲಿನಂಥ ರಸ ಊರಿ ಬರುತ್ತದೆ, ಆಗ ಮರಿಗಳಿಗೆ ಉಣಿಸುವ ದಾದಿ. ಆಮೇಲೆ ಹೊಟ್ಟೆಯಡಿಯಲ್ಲಿ ಮೇಣ ಬರಲಿಕ್ಕೆ ಶುರುವಾದಾಗ ಎರಿ ಕಟ್ಟುವುದು, ಹೊರಗಿನವರು ತಂದ ಮಕರಂದ ತೆಗೆದುಕೊಂಡು ಇಡುವುದು. ಮತ್ತೆ ಸ್ವಲ್ಪ ದಿನ ಬಾಗಿಲಲ್ಲಿ ಕಾವಲು. ಮೂರನೇ ವಾರದ ಹೊತ್ತಿಗೆ ಹೊರಗಿನ ದುಡಿಮೆ. ಕೆಲಸದ ಕಾಲದಲ್ಲಿ ಒಟ್ಟು ಆಯುಷ್ಯ ಐದಾರು ವಾರ. ಅಪಾಯದ ಕೆಲಸ ಯಾವಾಗಲೂ ಪ್ರಾಯವಾದವರಿಗೆ. ನಮ್ಮಲ್ಲಿ ಅಡಿಕೆ ಮರಕ್ಕೆ ಹತ್ತಿಸುವುದು ಎಳೆಯರನ್ನು, ಅಲ್ಲಿ ತಲೆಕೆಳಗು.

ಆದರೆ ಇದು ಕಲ್ಲಿನಲ್ಲಿ ಕೆತ್ತಿದ ಪಟ್ಟಿ ಅಲ್ಲ. ಹೊರಗೆ ಹೋದವು ಹೆಚ್ಚು ಸತ್ತರೆ ಒಳಗಿನ ಎಳೆಯವು ಬೇಗ ಹೊರಡುತ್ತವೆ. ಮರಿಗೆ ಉಣಿಸುವವು ಕಡಿಮೆ ಬಿದ್ದರೆ ಹೊರಗಿನ ಕೆಲವು ಮತ್ತೆ ದಾದಿಗಳಾಗುತ್ತವೆ. ರಾಣಿ ಇದನ್ನೆಲ್ಲ ಹಂಚುತ್ತಾಳೆ ಅಂತ ನಾನು ತುಂಬಾ ವರ್ಷ ತಿಳಿದಿದ್ದೆ. ರಾಣಿಗೆ ಮೊಟ್ಟೆ ಇಡುವುದಲ್ಲದೆ ಬೇರೆ ಪುರುಸೊತ್ತೇ ಇಲ್ಲ. ಯಾವ ಮೂಲೆಯಲ್ಲಿ ಏನು ಕೆಲಸ ಬಾಕಿ ಉಂಟು ಅಂತ ಅವಳಿಗೆ ತಿಳಿಯಲಿಕ್ಕೆ ದಾರಿಯೂ ಇಲ್ಲ.

ಹಾಗಾದರೆ ಹೇಗೆ? ಒಂದು ಉದಾಹರಣೆ ನೋಡಿ. ಫೆಬ್ರವರಿಯಲ್ಲಿ ರಬ್ಬರು ಎಲೆ ಚಿಗುರಿ ಅದರ ತೊಟ್ಟಿನಲ್ಲಿ ರಸ ಬರುತ್ತದಲ್ಲ, ಆಗ ಒಂದು ನೊಣ ಹೊಟ್ಟೆ ತುಂಬಿಸಿಕೊಂಡು ಬರುತ್ತದೆ. ಅದು ತಾನೇ ಕೋಶಕ್ಕೆ ಸುರಿಯುವುದಿಲ್ಲ, ಒಳಗಿನ ನೊಣದ ಬಾಯಿಗೆ ಕೊಡುತ್ತದೆ. ತೆಗೆದುಕೊಳ್ಳುವ ನೊಣ ಬೇಗ ಸಿಕ್ಕಿದರೆ 'ಒಳಗೆ ಜಾಗ ಉಂಟು, ಜನ ಉಂಟು' ಅಂತ ಅರ್ಥ. ಇನ್ನಷ್ಟು ಜನರನ್ನು ಹೊರಗೆ ಕರೆಯುತ್ತದೆ. ಬಹಳ ಹೊತ್ತು ಹುಡುಕಬೇಕಾಗಿ ಬಂದರೆ ಮೈ ನಡುಗಿಸುತ್ತಾ ಎರಿಯ ಮೇಲೆಲ್ಲ ಓಡಾಡುತ್ತದೆ. ಆಗ ಒಳಗಿನವು ಹೆಚ್ಚು ಹೆಚ್ಚು ಈ ಕೆಲಸಕ್ಕೆ ಬರುತ್ತವೆ. ಅಡಿಕೆ ಕೊಯ್ಯುವವ ಮೇಲಿಂದ ಗೊನೆ ಹಾಕುತ್ತಾ ಹೋದ ಹಾಗೆ ಕೆಳಗೆ ಹೊರುವವರು ಸಾಲದಿದ್ದರೆ ಅವನೇ ಕೂಗಿ ಹೇಳುತ್ತಾನೆ ನೋಡಿ, ಹಾಗೆ. ಮನೆಯೊಳಗಿನಿಂದ ಯಜಮಾನರು ಬಂದು ಹೇಳುವವರೆಗೆ ಕಾಯುವುದಿಲ್ಲ.

ಬಾಗಿಲಲ್ಲಿ ಗಾಳಿ ಹಾಕುವವರು

ಏಪ್ರಿಲಿನ ಮಧ್ಯಾಹ್ನ ಪೆಟ್ಟಿಗೆಯ ಬಾಗಿಲಲ್ಲಿ ಬಗ್ಗಿ ನೋಡಿ. ಐದಾರು ನೊಣ ಕಾಲೂರಿ ನಿಂತು ರೆಕ್ಕೆ ಬೀಸುತ್ತಾ ಇರುತ್ತವೆ. ತುಡುವೆ ನೊಣ ತಲೆ ಹೊರಗೆ ಮಾಡಿ ನಿಂತು ಗಾಳಿಯನ್ನು ಒಳಗೆ ತಳ್ಳುತ್ತದೆ. ಯುರೋಪಿನ ಜೇನು ತಲೆ ಒಳಗೆ ಮಾಡಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಮರಿ ಇರುವ ಜಾಗ 33ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಸೆಕೆಯಾದರೆ ನೀರು ತಂದು ಎರಿಯ ಮೇಲೆ ಸವರಿ ಗಾಳಿ ಹಾಕುತ್ತವೆ, ಚಳಿಯಾದರೆ ಮರಿಗಳ ಮೇಲೆ ಒತ್ತಾಗಿ ಕೂತು ಮೈ ಬಿಸಿ ಮಾಡುತ್ತವೆ.

ಇದರಲ್ಲಿ ಒಂದು ಗುಟ್ಟು ಉಂಟು. ರಾಣಿ ಹೊಸತರಲ್ಲಿ ಹಾರಿ ಹೋದಾಗ ಹತ್ತಕ್ಕೂ ಹೆಚ್ಚು ಗಂಡು ನೊಣಗಳನ್ನು ಕೂಡಿ ಬರುತ್ತಾಳೆ. ಹಾಗಾಗಿ ಪೆಟ್ಟಿಗೆಯ ಮಕ್ಕಳಿಗೆ ತಾಯಿ ಒಬ್ಬಳೇ, ತಂದೆ ಹಲವರು. ಒಂದು ತಂದೆಯ ಮಕ್ಕಳಿಗೆ ಸ್ವಲ್ಪ ಬಿಸಿಯಾದರೂ ತಡೆಯುವುದಿಲ್ಲ, ಗಾಳಿ ಹಾಕಲು ನಿಲ್ಲುತ್ತವೆ. ಇನ್ನೊಂದು ತಂದೆಯ ಮಕ್ಕಳು ಇನ್ನೂ ಬಿಸಿಯಾದ ಮೇಲೆ. ಯುರೋಪಿನ ಜೇನಿನಲ್ಲಿ ಇದನ್ನು ಅಳೆದು ನೋಡಿ 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು: ಹಲವು ತಂದೆಯ ಮಕ್ಕಳಿರುವ ಪೆಟ್ಟಿಗೆಯಲ್ಲಿ ಬಿಸಿ ಏರುಪೇರಾಗುವುದು ಕಡಿಮೆ. ಎಲ್ಲ ನೊಣಕ್ಕೂ ಒಂದೇ ಬುದ್ಧಿ ಇದ್ದರೆ ಏನಾಗುತ್ತಿತ್ತು? ಎಲ್ಲವೂ ಒಟ್ಟಿಗೆ ಬೀಸಿ ಮರಿಗೆ ಚಳಿ ಹಿಡಿಸುವುದು, ಒಟ್ಟಿಗೆ ನಿಲ್ಲಿಸಿ ಸೆಕೆ ಬರಿಸುವುದು. ಕರೆಂಟು ಬಂದ ಕೂಡಲೇ ಊರಿನವರೆಲ್ಲ ಒಟ್ಟಿಗೆ ಪಂಪು ಹಾಕಿ ಟ್ರಾನ್ಸ್‌ಫಾರ್ಮರ್ ಸುಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಡಜ ಬಂದಾಗಲೂ ಹೀಗೆಯೇ. ದೊಡ್ಡ ಕಡಜ ಬಾಗಿಲ ಹತ್ತಿರ ಹಾರಿದರೆ ತುಡುವೆ ನೊಣಗಳು ಒಟ್ಟಿಗೆ ಮೈ ಅಲ್ಲಾಡಿಸಿ ಅಲೆ ಎಬ್ಬಿಸುತ್ತವೆ. ಅದಕ್ಕೂ ಹೆದರದೆ ಬಂದು ಕೂತರೆ ನೂರಾರು ನೊಣ ಮುತ್ತಿ ಉಂಡೆ ಕಟ್ಟಿ, ಮೈ ಬಿಸಿ ಏರಿಸಿ ಒಳಗಿರುವ ಕಡಜವನ್ನು ಬೇಯಿಸಿ ಕೊಲ್ಲುತ್ತವೆ. ಜಪಾನಿನ ವಿಜ್ಞಾನಿಗಳು ಅಲ್ಲಿಯ ತುಡುವೆಯಲ್ಲಿ ಇದನ್ನು ಅಳೆದು 1995ರಲ್ಲಿ ವರದಿ ಮಾಡಿದ್ದಾರೆ: ಉಂಡೆಯೊಳಗೆ ಸುಮಾರು 47 ಡಿಗ್ರಿ. ಕಡಜಕ್ಕೆ ಅಷ್ಟು ತಡೆಯುವುದಿಲ್ಲ, ನೊಣಕ್ಕೆ ಇನ್ನೊಂದೆರಡು ಡಿಗ್ರಿ ಹೆಚ್ಚು ತಡೆಯುತ್ತದೆ. ಆ ಒಂದೆರಡು ಡಿಗ್ರಿಯೇ ಅವುಗಳ ಆಯುಧ. ಒಂದು ನೊಣ ಒಂಟಿಯಾಗಿ ಹೋದರೆ ಕಡಜಕ್ಕೆ ಊಟ, ಅಷ್ಟೆ.

ಕುಣಿತವೇ ವಿಳಾಸ

ಹೂ ಎಲ್ಲಿ ಉಂಟು ಅಂತ ನೊಣ ನೊಣಕ್ಕೆ ಕುಣಿದು ತಿಳಿಸುತ್ತದೆ ಎಂಬುದನ್ನು ಬಿಡಿಸಿ ಹೇಳಿದವರು ಕಾರ್ಲ್ ಫಾನ್ ಫ್ರಿಶ್. ಅವರಿಗೆ 1973ರಲ್ಲಿ ನೊಬೆಲ್ ಬಹುಮಾನ ಬಂತು. ಕತ್ತಲೆಯ ಎರಿಯ ಮೇಲೆ ನೊಣ ಹೊಟ್ಟೆ ಅಲ್ಲಾಡಿಸುತ್ತಾ ಒಂದು ಗೆರೆಯಲ್ಲಿ ಓಡುತ್ತದೆ. ನೇರ ಮೇಲಕ್ಕೆ ಓಡಿದರೆ ಸೂರ್ಯನ ದಿಕ್ಕಿಗೆ ಹೋಗಿ ಅಂತ. ಮೇಲಿನಿಂದ ಎಷ್ಟು ಓರೆಯೋ ಸೂರ್ಯನಿಂದ ಅಷ್ಟು ಓರೆಗೆ ಹೋಗಬೇಕು. ಎಷ್ಟು ಹೊತ್ತು ಅಲ್ಲಾಡಿಸುತ್ತದೋ ಅಷ್ಟು ದೂರ.

ಈ ಭಾಷೆಯಲ್ಲೂ ಊರೂರಿನ ಮಾತಿನ ಹಾಗೆ ಭೇದ ಉಂಟು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್.ಸಿ.ಬಿ.ಎಸ್.) ಮತ್ತು ಜರ್ಮನಿಯ ಸಂಶೋಧಕರು ದಕ್ಷಿಣ ಭಾರತದಲ್ಲಿ ತುಡುವೆ, ಕೋಲು ಜೇನು, ಹೆಜ್ಜೇನು ಮೂರನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ಅಷ್ಟೇ ದೂರಕ್ಕೆ ಮೂರೂ ಬೇರೆ ಬೇರೆ ಹೊತ್ತು ಅಲ್ಲಾಡಿಸುತ್ತವೆ. ಹೆಜ್ಜೇನು ಬಹಳ ದೂರ ಹೋಗಿ ದುಡಿಯುವ ಜಾತಿ, ತುಡುವೆ ಹತ್ತಿರದಲ್ಲೇ ದುಡಿಯುವ ಜಾತಿ; ಕುಣಿತವೂ ಅದಕ್ಕೆ ಸರಿಯಾಗಿ ಉಂಟು. ಕೃಷಿಕನಿಗೆ ಇದರ ಅರ್ಥ ಸುಲಭ: ತುಡುವೆ ಪೆಟ್ಟಿಗೆ ಇಟ್ಟರೆ ಪ್ರಯೋಜನವೂ ಅಪಾಯವೂ ನಿಮ್ಮ ಮತ್ತು ನೆರೆಯವರ ತೋಟದಿಂದಲೇ.

1992ರಲ್ಲಿ ನಾನು ಮಾಡಿದ್ದು

ಆ ವರ್ಷ ನಮ್ಮ ಕಡೆ ಬಂದ ರೋಗದ ಹೆಸರು ಥಾಯ್ ಸ್ಯಾಕ್‌ಬ್ರೂಡ್. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಕಂಡದ್ದರಿಂದ ಆ ಹೆಸರು. ಭಾರತದಲ್ಲಿ 1978ರಲ್ಲಿ ಮೇಘಾಲಯದಲ್ಲಿ ಕಾಣಿಸಿ, 1991-92ರಲ್ಲಿ ಕರ್ನಾಟಕ, ಕೇರಳಕ್ಕೆ ಇಳಿಯಿತು. ಕರ್ನಾಟಕದಲ್ಲಿ ಶೇಕಡಾ 90ಕ್ಕೂ ಹೆಚ್ಚು ತುಡುವೆ ಕುಟುಂಬ ನಾಶವಾಯ್ತು. ಇದು ವೈರಸ್ ರೋಗ. ಸಾಯುವುದು ದೊಡ್ಡ ನೊಣ ಅಲ್ಲ, ಮರಿ. ಕೋಶ ಮುಚ್ಚುವ ಹೊತ್ತಿಗೆ ಮರಿಯ ಚರ್ಮದೊಳಗೆ ನೀರು ತುಂಬಿ ಚೀಲದ ಹಾಗೆ ಆಗುತ್ತದೆ. ಚಿಮಟದಲ್ಲಿ ಎತ್ತಿದರೆ ಚೀಲವೇ ಬರುತ್ತದೆ. ಹಾಗೇ ಬಿಟ್ಟರೆ ಒಣಗಿ ದೋಣಿಯ ಆಕಾರದ ಕಂದು ಸಿಪ್ಪೆ. ಮರಿ ಬೆಳೆಯದಿದ್ದರೆ ಹೊಸ ನೊಣ ಇಲ್ಲ, ಹಳೆಯವು ಸಾಯುತ್ತಾ ಬರುತ್ತವೆ, ಕೊನೆಗೆ ಉಳಿದವು ಪರಾರಿ.

ನಾನೇನು ಮಾಡಿದೆ? ಪೆಟ್ಟಿಗೆ ದುರ್ಬಲವಾಯ್ತು ಅಂತ ಕಂಡ ಕೂಡಲೇ ಬಲವಾದ ಪೆಟ್ಟಿಗೆಯಿಂದ ಮರಿ ಇರುವ ಚೌಕಟ್ಟು ತೆಗೆದು ದುರ್ಬಲವಾದದ್ದಕ್ಕೆ ಕೊಟ್ಟೆ. ದುರ್ಬಲವಾದದ್ದರ ಎರಿಯನ್ನು ಬಲವಾದದ್ದಕ್ಕೆ ಹಾಕಿದೆ, 'ಅಲ್ಲಿ ಜನ ಜಾಸ್ತಿ ಉಂಟು, ಚೊಕ್ಕ ಮಾಡಿಯಾವು' ಅಂತ. ಎರಡು ಸಣ್ಣ ಕುಟುಂಬ ಸೇರಿಸಿ ಒಂದು ಮಾಡಿದೆ. ವಾರಕ್ಕೆ ಎರಡು ಸಲ ಎಲ್ಲ ಪೆಟ್ಟಿಗೆ ಬಿಚ್ಚಿ ನೋಡಿದೆ. ಅದೇ ಕೈ, ಅದೇ ಚಾಕು. ಇರುವವ ಇಲ್ಲದವನಿಗೆ ಕೊಡುವುದು ಒಳ್ಳೆಯ ಗುಣ ಅಂತ ನಾನು ತಿಳಿದದ್ದು. ರೋಗ ನಮ್ಮೂರಿಗೆ ಹೇಗೂ ಬರುತ್ತಿತ್ತು. ಆದರೆ ಒಂದು ಪೆಟ್ಟಿಗೆಯಿಂದ 25 ಪೆಟ್ಟಿಗೆಗೆ ಅದನ್ನು ಹೊತ್ತು ಹಂಚಿದವ ನಾನೇ. ಆರು ತಿಂಗಳಲ್ಲಿ ಎಲ್ಲ ಖಾಲಿ. ಕೊನೆಯ ಪೆಟ್ಟಿಗೆ ಬಿಚ್ಚಿದ ದಿನ ಎರಿಯ ತುಂಬ ಮೇಣದ ಹುಳು. ಮನೆಯವಳು ಹೊಗೆತಿದಿಯನ್ನು ತೊಳೆದು ಅಟ್ಟಕ್ಕೆ ಹಾಕಿದಳು, ಒಂದು ಮಾತೂ ಆಡಲಿಲ್ಲ.

ಗೋಡೆಯ ಕುಟುಂಬವನ್ನಾದರೂ ತೆಗೆದು ಪೆಟ್ಟಿಗೆಗೆ ಹಾಕುವ ಅಂತ ಬಾಳೆನಾರು, ಚಾಕು ಹಿಡಿದು ಹೊರಟಿದ್ದೆ. ಅಪ್ಪ ಜಗಲಿಯಲ್ಲಿ ಕೂತಲ್ಲಿಂದಲೇ ಹೇಳಿದರು: "ಅದನ್ನು ಮುಟ್ಲಿಕ್ಕೆ ಹೋಗ್ಬೇಡ ಮಾರಾಯ. ನೀನು ಮುಟ್ಟಿದ್ದು ಯಾವುದು ಉಳಿದಿದೆ?"

ಆ ಮಾತು ಚುಚ್ಚಿತು. ಚಾಕು ಒಳಗಿಟ್ಟೆ.

ಎರಡು ಕೈಯ ಕೆಲಸ

ಮಾಡಲಿಕ್ಕೆ ಬೇರೆ ಏನೂ ಇಲ್ಲದೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಆ ತೂತಿನ ಎದುರು ಕೂತು ನೋಡಲಿಕ್ಕೆ ಶುರು ಮಾಡಿದೆ. ಅಲ್ಲಿಗೂ ರೋಗ ಬಂದಿತ್ತು. ದಿನಾ ಬೆಳಿಗ್ಗೆ ನೊಣಗಳು ಬಿಳಿ ಮರಿಗಳನ್ನು ಕಚ್ಚಿ ಎಳೆದು ಬಾಗಿಲಿಂದ ಕೆಳಗೆ ಹಾಕುತ್ತಿದ್ದವು. ನೆಲದಲ್ಲಿ ಇರುವೆಗಳು ಸಾಲಾಗಿ ಹೊತ್ತುಕೊಂಡು ಹೋಗುತ್ತಿದ್ದವು. ಕೆಲವು ದಿನ ಹತ್ತು-ಹನ್ನೆರಡು, ಕೆಲವು ದಿನ ಇನ್ನೂ ಹೆಚ್ಚು. ಸುಮಾರು ಎರಡು ತಿಂಗಳು ಹೀಗೆ. ಆಮೇಲೆ ಕಡಿಮೆಯಾಯ್ತು, ಆಮೇಲೆ ನಿಂತಿತು. ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುವ ನೊಣ ಹೆಚ್ಚಾಯ್ತು. ಪರಾಗ ತರುವುದು ಮರಿಗಳಿಗೆ. ಅಂದರೆ ಒಳಗೆ ಮರಿ ಬೆಳೆಯುತ್ತಾ ಉಂಟು ಅಂತ ಲೆಕ್ಕ. ನನ್ನ ಪೆಟ್ಟಿಗೆಗಳಲ್ಲಿ ಸತ್ತ ಮರಿ ಕೋಶದಲ್ಲೇ ಕೊಳೆತಿತ್ತು.

ಇದರ ಅರ್ಥ ನನಗೆ ಆಗಿದ್ದು ಬಹಳ ವರ್ಷದ ನಂತರ. ಅಮೆರಿಕದಲ್ಲಿ ವಾಲ್ಟರ್ ರೋಥೆನ್‌ಬುಲರ್ ಎಂಬ ವಿಜ್ಞಾನಿ 1964ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಅಲ್ಲಿಯ ಜೇನಿಗೆ ಬೇರೊಂದು ಮರಿ ಕೊಳೆಯುವ ರೋಗ. ಕೆಲವು ಕುಟುಂಬ ಸತ್ತ ಮರಿಯ ಮುಚ್ಚಳ ಬಿಚ್ಚಿ ಎಳೆದು ಹೊರಗೆ ಹಾಕಿ ಬದುಕುತ್ತಿದ್ದವು, ಕೆಲವು ಹಾಗೇ ಬಿಟ್ಟು ಸಾಯುತ್ತಿದ್ದವು. ಎರಡು ತಳಿಯನ್ನೂ ಬೆರೆಸಿ ನೋಡಿದಾಗ ವಿಚಿತ್ರ ಕಂಡಿತು. ಕೆಲವು ಪೆಟ್ಟಿಗೆಯ ನೊಣಗಳು ಮುಚ್ಚಳ ಬಿಚ್ಚಿ ಅಲ್ಲಿಗೇ ಬಿಡುತ್ತಿದ್ದವು. ಇನ್ನು ಕೆಲವು ಮುಚ್ಚಳ ಮುಟ್ಟುತ್ತಿರಲಿಲ್ಲ; ಆದರೆ ಅವರೇ ಕೈಯಲ್ಲಿ ಮುಚ್ಚಳ ತೆಗೆದುಕೊಟ್ಟರೆ ಒಳಗಿನ ಮರಿಯನ್ನು ಎಳೆದು ಹಾಕುತ್ತಿದ್ದವು. ಅಂದರೆ ಬಿಚ್ಚುವುದು ಒಂದು ಬುದ್ಧಿ, ಎಳೆಯುವುದು ಇನ್ನೊಂದು ಬುದ್ಧಿ. ಎರಡೂ ತಂದೆತಾಯಿಯಿಂದ ಬರುವಂಥದ್ದು. ಇದರ ಹಿಂದೆ ಇನ್ನೂ ಹೆಚ್ಚು ಗುಣಾಣುಗಳು ಉಂಟು ಅಂತ ಅನಂತರದ ಸಂಶೋಧನೆಗಳು ತೋರಿಸಿವೆ. ಮುಖ್ಯ ವಿಷಯ ಮಾತ್ರ ಅದೇ: ಒಂದು ಶುರು ಮಾಡಿದ್ದನ್ನು ಇನ್ನೊಂದು ಮುಗಿಸಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಮನೆ ಹಾಳು.

ಸ್ಯಾಕ್‌ಬ್ರೂಡ್ ರೋಗದ ಬಗ್ಗೆ ಇನ್ನೊಂದು ಸಂಗತಿಯನ್ನು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು 1970ರ ದಶಕದಲ್ಲಿ ಕಂಡುಕೊಂಡರು. ಸತ್ತ ಮರಿ ಎಳೆಯುವ ನೊಣಕ್ಕೆ ಆ ವೈರಸ್ ಅಂಟುತ್ತದೆ. ಅದು ಅದರಿಂದ ಕೂಡಲೇ ಸಾಯುವುದಿಲ್ಲ. ಆದರೆ ಅಂಥ ಎಳೆಯ ನೊಣ ಪರಾಗ ತಿನ್ನುವುದನ್ನು ಬಿಡುತ್ತದೆ, ಮರಿಗೆ ಉಣಿಸುವುದನ್ನು ಬಿಡುತ್ತದೆ, ಪ್ರಾಯಕ್ಕೆ ಮೊದಲೇ ಹೊರಗಿನ ಕೆಲಸಕ್ಕೆ ಹೊರಡುತ್ತದೆ. ಹೊರಗೆ ಹೋಗಿಯೂ ಪರಾಗ ತರುವುದು ಅಪರೂಪ. ರೋಗ ಇರುವ ಕೈ ಮಗುವಿನ ಬಟ್ಟಲಿನಿಂದ ದೂರ ಹೋದ ಹಾಗಾಯ್ತು. ಹೊರಗೆ ಹೋದದ್ದು ಬೇಗ ಸಾಯುತ್ತದೆ, ಮನೆ ಉಳಿಯುತ್ತದೆ.

ಇಲ್ಲಿ ನನ್ನ ತಪ್ಪು ನನಗೆ ಸರಿಯಾಗಿ ಕಂಡಿತು. ನೊಣ ರೋಗವನ್ನು ಮರಿಯಿಂದ ದೂರ ಮಾಡುತ್ತಿತ್ತು. ನಾನು ರೋಗದ ಮರಿಯನ್ನು ಎತ್ತಿ ಇನ್ನೊಂದು ಮನೆಯ ಮರಿಗಳ ನಡುವೆ ಇಡುತ್ತಿದ್ದೆ.

ರಾಣಿ ಹೋದರೆ ಒಗ್ಗಟ್ಟೂ ಹೋಗುತ್ತದೆ

ನೊಣಗಳನ್ನು ದೇವರ ಹಾಗೆ ಹೊಗಳುವವರಿಗೆ ಒಂದು ಮಾತು. ಈ ಸಹಕಾರಕ್ಕೂ ಗಡಿ ಉಂಟು. ಒಂದು ಪೆಟ್ಟಿಗೆಯೊಳಗೆ ಎಷ್ಟು ಒಗ್ಗಟ್ಟೋ, ಪಕ್ಕದ ಪೆಟ್ಟಿಗೆ ದುರ್ಬಲ ಅಂತ ಗೊತ್ತಾದರೆ ಅಷ್ಟೇ ಒಗ್ಗಟ್ಟಿನಿಂದ ಹೋಗಿ ಅದರ ಜೇನನ್ನು ದೋಚುತ್ತವೆ. ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಡುವಾಗ ಒಂದು ಹನಿ ಹೊರಗೆ ಚೆಲ್ಲಿದರೆ ಸಾಕು, ಕಳ್ಳತನ ಶುರು.

ಒಂದೇ ಪೆಟ್ಟಿಗೆಯೊಳಗೂ ಅದು ಕೆಡುವುದುಂಟು. ರಾಣಿಯ ಮೈಯ ವಾಸನೆ ನೊಣದಿಂದ ನೊಣಕ್ಕೆ ದಾಟಿ ಇಡೀ ಪೆಟ್ಟಿಗೆಗೆ ಹಬ್ಬಿರುತ್ತದೆ. ಅದೂ ಮರಿಗಳ ವಾಸನೆಯೂ ಇರುವವರೆಗೆ ಕೆಲಸಗಾರ ನೊಣಗಳ ಅಂಡಾಶಯ ಬೆಳೆಯುವುದಿಲ್ಲ. ರಾಣಿ ಸತ್ತು ಹೊಸ ರಾಣಿ ಏಳದಿದ್ದರೆ ಕೆಲವೇ ದಿನದಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆ ಇಡಲಿಕ್ಕೆ ಶುರು ಮಾಡುತ್ತವೆ. ತುಡುವೆಯಲ್ಲಿ ಇದು ಬಹಳ ಬೇಗ. ಅವು ಗಂಡನ್ನು ಕೂಡಿದವಲ್ಲ, ಹಾಗಾಗಿ ಹುಟ್ಟುವುದೆಲ್ಲ ಗಂಡು ನೊಣ. ಗಂಡು ನೊಣ ಹೂವಿಗೆ ಹೋಗುವುದಿಲ್ಲ, ಮರಿ ಸಾಕುವುದಿಲ್ಲ. ಒಂದು ಕೋಶದಲ್ಲಿ ಎರಡು-ಮೂರು ಮೊಟ್ಟೆ, ಅದೂ ತಳದಲ್ಲಲ್ಲ, ಗೋಡೆಯಲ್ಲಿ. ಉಬ್ಬಿದ ಮುಚ್ಚಳ, ನಡುವೆ ಸೂಜಿಮೊನೆಯಷ್ಟು ತೂತು ಇರುವ ಗಂಡು ಕೋಶಗಳೇ ತುಂಬಿದ್ದರೆ ಆ ಮನೆ ಮುಗಿಯಿತು ಅಂತ ಲೆಕ್ಕ. ಹಾಗಾಗಿ ರಾಣಿ ಆಳುವವಳಲ್ಲ ಎಂಬುದು ಎಷ್ಟು ನಿಜವೋ, ಅವಳಿಲ್ಲದೆ ಸಹಕಾರ ಇಲ್ಲ ಎಂಬುದೂ ಅಷ್ಟೇ ನಿಜ. ಅವಳು ಅಪ್ಪಣೆ ಕೊಡುವುದಿಲ್ಲ. 'ಇದ್ದೇನೆ' ಅಂತ ತಿಳಿಸುತ್ತಾಳೆ, ಅಷ್ಟೇ ಸಾಕು.

ಕಂಡವರೇ ಹೇಳುವ ಸಭೆ

ಗೋಡೆಯ ಕುಟುಂಬ 1993ರ ಡಿಸೆಂಬರಿನಲ್ಲಿ ಪಾಲಾಯ್ತು. ಹಳೆಯ ರಾಣಿ ಅರ್ಧ ನೊಣಗಳೊಂದಿಗೆ ಹೊರಬಿದ್ದು ಹಟ್ಟಿಯ ಹಿಂದಿನ ಹಲಸಿನ ಕೊಂಬೆಯಲ್ಲಿ ಗೊಂಚಲಾಗಿ ಕೂತಿತು. ಒಳಗೆ ಮೇಣ ಉಜ್ಜಿದ ಒಂದು ಪೆಟ್ಟಿಗೆಯನ್ನು ನಾನು ಒಂದು ವಾರ ಮೊದಲೇ ಬಾವಿಯ ಹತ್ತಿರ ಇಟ್ಟಿದ್ದೆ.

ಇಂಥ ಗೊಂಚಲು ಮನೆ ಹುಡುಕುವುದು ಹೇಗೆ ಎಂಬುದನ್ನು ಮೊದಲು ನೋಡಿದವರು ಜರ್ಮನಿಯ ಮಾರ್ಟಿನ್ ಲಿಂಡಾವರ್. 1949ರಲ್ಲಿ ಯುದ್ಧದಿಂದ ಹಾಳಾದ ಮ್ಯೂನಿಕ್ ನಗರದಲ್ಲಿ ಒಂದು ಗೊಂಚಲಿನ ಮೇಲೆ ಮಸಿ ಹಿಡಿದ, ಇಟ್ಟಿಗೆ ಪುಡಿ ಹಿಡಿದ ನೊಣಗಳು ಕುಣಿಯುವುದನ್ನು ಅವರು ಕಂಡರು. ಹೂವಿಗೆ ಹೋದ ನೊಣಕ್ಕೆ ಮಸಿ ಯಾಕೆ? ಅವು ಹೊಗೆಗೂಡು, ಒಡೆದ ಗೋಡೆಗಳನ್ನು ಮನೆಗಾಗಿ ನೋಡಿ ಬಂದ ನೊಣಗಳು. ಆಮೇಲೆ ಅಮೆರಿಕದ ಥಾಮಸ್ ಸೀಲಿ ಇದನ್ನು ಹಲವು ವರ್ಷ ಅಭ್ಯಾಸ ಮಾಡಿ 2010ರಲ್ಲಿ ಪುಸ್ತಕ ಬರೆದರು. ಕೆಲವು ನೂರು ನೊಣ ಜಾಗ ಹುಡುಕಲು ಹೋಗುತ್ತವೆ. ಒಳ್ಳೆಯ ಜಾಗ ಕಂಡದ್ದು ಹೆಚ್ಚು ಹೊತ್ತು ಕುಣಿಯುತ್ತದೆ, ಸಾಧಾರಣ ಜಾಗ ಕಂಡದ್ದು ಕಡಿಮೆ. ಕುಣಿತ ನೋಡಿದ್ದು ಹಾಗೇ ಒಪ್ಪುವುದಿಲ್ಲ. ತಾನೇ ಹೋಗಿ ಆ ಜಾಗ ನೋಡಿ ಬಂದು ಆಮೇಲೆ ಕುಣಿಯುತ್ತದೆ. ಎಷ್ಟು ಒಳ್ಳೆಯ ಜಾಗವಾದರೂ ಒಂದೇ ನೊಣ ಸಾಯುವವರೆಗೆ ಅದನ್ನೇ ಹೇಳುವುದಿಲ್ಲ. ಪ್ರತಿ ಸಲ ಹೋಗಿ ಬಂದಾಗ ಅದರ ಕುಣಿತ ಕಡಿಮೆಯಾಗುತ್ತಾ ಬಂದು ನಿಲ್ಲುತ್ತದೆ. ಕೊನೆಗೆ ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ಇಪ್ಪತ್ತು-ಮೂವತ್ತು ನೊಣ ಸೇರಿದರೆ ತೀರ್ಮಾನ ಆಯ್ತು, ಗೊಂಚಲು ಏಳುತ್ತದೆ.

ನಮ್ಮ ಸಭೆಗಳಲ್ಲಿ ಜಾಗ ನೋಡದವರದ್ದೇ ದೊಡ್ಡ ಸ್ವರ, ಹೇಳಿದ್ದನ್ನೇ ಹೇಳುವವರಿಗೆ ಮೈಕು. ಇರಲಿ. ಆ ದಿನ ಮಧ್ಯಾಹ್ನ ಎರಡು ಗಂಟೆಗೆ ಬಾವಿಯ ಹತ್ತಿರದ ಪೆಟ್ಟಿಗೆಯ ಬಾಗಿಲಲ್ಲಿ ಹತ್ತಿಪ್ಪತ್ತು ನೊಣ ಒಳಗೆ ಹೊರಗೆ ಓಡಾಡುವುದನ್ನು ಕಂಡು ನನಗೆ ಎದೆ ಹೊಡೆದುಕೊಂಡಿತು. ನಾಲ್ಕು ಗಂಟೆಗೆ ಇಡೀ ಗೊಂಚಲು ಎದ್ದು ಬಂದು ಅದರೊಳಗೆ ಇಳಿಯಿತು. ನಾನು ಕೈಯನ್ನೂ ಹಚ್ಚಲಿಲ್ಲ. ಮನೆಯವಳು ಅಟ್ಟಕ್ಕೆ ಹತ್ತಿ ಹೊಗೆತಿದಿ ಕೆಳಗೆ ಇಳಿಸಿದಳು.

ಬೇಲಿಯಾಚೆ

1997ಕ್ಕೆ ಪುನಃ ಎಂಟು ಪೆಟ್ಟಿಗೆ ಆಗಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಎಲ್ಲ ಪೆಟ್ಟಿಗೆಯ ಎದುರು ನೊಣಗಳು ರಾಶಿ ಬಿದ್ದಿದ್ದವು, ನಾಲಗೆ ಹೊರಗೆ ಚಾಚಿ. ಅದು ಕೀಟನಾಶಕದ ಗುರುತು. ನೆರೆಯವರು ತಮ್ಮ ಗುಡ್ಡೆಯ ಗೇರಿಗೆ ಚಹಾ ಸೊಳ್ಳೆಗೆ ಅಂತ ಹೂ ಬಿಟ್ಟಿರುವಾಗ ಬೆಳಿಗ್ಗೆ ಹತ್ತು ಗಂಟೆಗೆ ಮದ್ದು ಬಿಟ್ಟಿದ್ದರು. ನಾನು ಬೇಲಿಯ ಹತ್ತಿರ ಹೋಗಿ ಬಾಯಿಗೆ ಬಂದದ್ದು ಹೇಳಿದೆ. ಅವರೂ ಬಿಡಲಿಲ್ಲ: "ನಿಮ್ಮ ನೊಣ ನನ್ನ ಗುಡ್ಡೆಗೆ ಯಾಕೆ ಬರ್ಬೇಕು? ನನ್ನ ಗೇರು ಹೋದ್ರೆ ನೀವು ಕೊಡ್ತೀರಾ?" ಎರಡು ವರ್ಷ ಮಾತಿಲ್ಲ. ಮದುವೆಗೆ ಹೋದರೆ ಬೇರೆ ಬೇರೆ ಪಂಕ್ತಿ.

ಆಮೇಲೆ ಯೋಚನೆ ಮಾಡಿದರೆ ಅವರ ಪ್ರಶ್ನೆ ನ್ಯಾಯವೇ. ಜೇನು ನನ್ನದು, ಹೂ ಅವರದ್ದು. ಪೆಟ್ಟಿಗೆಯೊಳಗೆ ಪ್ರತಿ ನೊಣಕ್ಕೂ ಆ ಮನೆಯಲ್ಲಿ ಪಾಲು ಉಂಟು, ಅದಕ್ಕೇ ದುಡಿಯುತ್ತದೆ. ನೆರೆಯವರಿಗೆ ನನ್ನ ಪೆಟ್ಟಿಗೆಯಲ್ಲಿ ಏನು ಪಾಲು? 1999ರ ಡಿಸೆಂಬರಿನಲ್ಲಿ ಪಾಲು ಮಾಡಿದ ಒಂದು ಕುಟುಂಬವನ್ನು ಹೊತ್ತುಕೊಂಡು ಸಂಜೆ ಅವರ ಅಂಗಳಕ್ಕೆ ಹೋದೆ. "ಇದು ನಿಮ್ಮ ಗುಡ್ಡೆಯ ಹೂವನ್ನೇ ತಿಂದು ಬೆಳೆದದ್ದು. ಇಲ್ಲಿಯೇ ಇರಲಿ" ಎಂದೆ. ಅವರು ಏನೂ ಹೇಳಲಿಲ್ಲ. ಅತ್ತಿಗೆ ಒಳಗಿನಿಂದ ಬೆಲ್ಲ, ನೀರು ತಂದಿಟ್ಟರು.

ಮಾರ್ಚಿನಲ್ಲಿ ಅವರೇ ಬೇಲಿಯ ಹತ್ತಿರ ಬಂದು ಕರೆದರು: "ಅಣ್ಣಾ, ನಾಳೆ ಮದ್ದು ಬಿಡ್ಬೇಕು. ನಮ್ಮ ಜೇನಿಗೆ ಏನು ಮಾಡುವುದು?" 'ನಮ್ಮ ಜೇನು' ಅಂತ ಹೇಳಿದ್ದು ಅವರು. ಅವತ್ತಿನಿಂದ ನಮ್ಮೊಳಗೆ ಒಂದು ಕ್ರಮ ಉಂಟು. ಸೊಳ್ಳೆ ಹಾವಳಿ ನೋಡಿ, ಬೇಕಿದ್ದರೆ ಮಾತ್ರ ಮದ್ದು. ಸಾಧ್ಯವಾದಷ್ಟು ಹೂ ಅರಳುವ ಮೊದಲೇ. ಬಿಡಲೇಬೇಕಿದ್ದರೆ ಹಿಂದಿನ ದಿನ ಹೇಳಿ, ನೊಣ ಮನೆ ಸೇರಿದ ಮೇಲೆ ಮುಸ್ಸಂಜೆಗೆ. ಈಗ ಬೇಲಿಯ ಸುತ್ತ ಏಳು ಮನೆಯಲ್ಲಿ ಪೆಟ್ಟಿಗೆ ಉಂಟು. ನಮ್ಮ ಹಿತ್ತಿಲಿನ ಸೌತೆ, ಹಾಗಲ ಬಳ್ಳಿಯಲ್ಲಿ ಸೊಟ್ಟ ಕಾಯಿ ಕಡಿಮೆಯಾದದ್ದನ್ನು ಮೊದಲು ಗಮನಿಸಿದ್ದು ಮನೆ ಹೆಂಗಸರೇ.

ಸಾಕುವವರಿಗೆ ನಾಲ್ಕು ಮಾತು

ಒಂದು: ರೋಗದ ಸಂಶಯ ಇದ್ದರೆ ಎರಿಯನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಿಸಬೇಡಿ. ಕುಟುಂಬ ಸೇರಿಸಬೇಡಿ. ಹೊರ ಊರಿನಿಂದ ಪೆಟ್ಟಿಗೆ ತರಬೇಡಿ. ಚಾಕು, ಕೈ ತೊಳೆದು ಮುಂದಿನ ಪೆಟ್ಟಿಗೆಗೆ ಹೋಗಿ. ಸ್ಯಾಕ್‌ಬ್ರೂಡ್‌ಗೆ ಮದ್ದಿಲ್ಲ.

ಎರಡು: ರೋಗ ಕಂಡರೆ ರಾಣಿಯನ್ನು ಎರಡು-ಮೂರು ವಾರ ಗೂಡಿನಲ್ಲಿ ಕೂಡಿ ಹಾಕಿ ಮೊಟ್ಟೆ ನಿಲ್ಲಿಸಿ. ಹೊಸ ಮರಿ ಇಲ್ಲದಿದ್ದರೆ ವೈರಸ್ಸಿಗೆ ಬೆಳೆಯಲು ಜಾಗ ಇಲ್ಲ. ಅಷ್ಟರಲ್ಲಿ ನೊಣಗಳು ಕೋಶ ಚೊಕ್ಕ ಮಾಡುತ್ತವೆ. ಪಾಕ ಕೊಡಲು ಮರೆಯಬೇಡಿ, ಅದೂ ಸಂಜೆ, ಚೆಲ್ಲದ ಹಾಗೆ.

ಮೂರು: ಪಾಲು ಮಾಡುವಾಗ ಜೇನು ಹೆಚ್ಚು ಕೊಟ್ಟ ಪೆಟ್ಟಿಗೆಯೊಂದನ್ನೇ ನೋಡಬೇಡಿ. ಚೊಕ್ಕ ಮಾಡುವ ಪೆಟ್ಟಿಗೆ ಯಾವುದು ಅಂತ ನೋಡಿ. ಮುಚ್ಚಿದ ಮರಿ ಇರುವ ಎರಿಯಲ್ಲಿ ಸಣ್ಣ ಸೂಜಿಯಿಂದ 50 ಕೋಶ ಚುಚ್ಚಿ ಗುರುತು ಹಾಕಿ ಮರುದಿನ ಅದೇ ಹೊತ್ತಿಗೆ ನೋಡಿ. ಹೆಚ್ಚಿನ ಕೋಶ ಖಾಲಿ ಮಾಡಿದ್ದರೆ ಅದರಿಂದಲೇ ಸಂತಾನ ಬೆಳೆಸಿ.

ನಾಲ್ಕು: ಅಗತ್ಯ ಇಲ್ಲದೆ ಪೆಟ್ಟಿಗೆ ಬಿಚ್ಚಬೇಡಿ. ಬಾಗಿಲಲ್ಲಿ ಹತ್ತು ನಿಮಿಷ ಕೂತರೆ ಒಳಗಿನ ಅರ್ಧ ಸುದ್ದಿ ಸಿಗುತ್ತದೆ. ಪರಾಗ ಬರುತ್ತಾ ಉಂಟಾ, ಸತ್ತ ಮರಿ ಬಿದ್ದಿದೆಯಾ, ಗಂಡು ನೊಣವೇ ಹೆಚ್ಚಾ, ಕಳ್ಳತನದ ಗಲಾಟೆಯಾ ಅಂತ ಬಿಚ್ಚದೆಯೇ ಗೊತ್ತಾಗುತ್ತದೆ.

ಅಪ್ಪ ಈಗ ಇಲ್ಲ. ಹಟ್ಟಿಗೆ ಹೊಸ ಹೆಂಚು ಹಾಕಿದ್ದೇವೆ. ಆ ಗೋಡೆ ಮಾತ್ರ ಮಣ್ಣಿನದ್ದೇ. ಮಗ ಅದನ್ನು ಕೆಡವಿ ಸಿಮೆಂಟು ಗೋಡೆ ಕಟ್ಟಬೇಕು ಅಂತಾನೆ, ಅವ ಹೇಳುವುದರಲ್ಲೂ ಅರ್ಥ ಉಂಟು. ಮಳೆಗಾಲದಲ್ಲಿ ಅದು ನೀರು ಹೀರುತ್ತದೆ. ಈ ಡಿಸೆಂಬರಿನ ಪಾಲು ಹೊರಡಲಿ, ಮತ್ತೆ ನೋಡುವ ಅಂತ ಹೇಳಿದ್ದೇನೆ.